ಗದಿಗೆಪ್ಪನ ಎತ್ತು

ಮನೆತನಗಳ ವಂಶಾವಳಿ ಹಾಡುವ ಹೆಳವ ಜಗಲಿಯ ಮೇಲೆ ಹೊತ್ತಿಗೆ ಬಿಚ್ಚಿದ. ಮಗನಿಗೆ ಹೆಣ್ಣು ಕೇಳಲು ಬಂದಿದ್ದ ಆಚೆ ಊರಿನವನತ್ತ ನೀಲಗಂಗವ್ವ ಕಣ್ಣೆತ್ತಿಯೂ ನೋಡಲಿಲ್ಲ. ಬಾಗಿಲ ಹಿಂದೆ ಮೊಮ್ಮಗಳು ಉಸಿರು ಬಿಗಿಹಿಡಿದು ನಿಂತಿದ್ದಳು.

“ಇವರ ಮುತ್ಯಾ ಗದಿಗೆಪ್ಪ ನಮ್ಮ ಮುತ್ಯಾ ಗದಿಗೆಪ್ಪನ ಎತ್ತು ಕದ್ದಾಂವ. ಕಳ್ಳರ ಮನಿಗೆ ಹೆಣ್ಣು ಕೊಡಂಗಿಲ್ಲ. ಓದೋ ಹೆಳವಾ, ಓಣಿಯೆಲ್ಲಾ ಕೇಳಲಿ!” ಎಂದಳು ಮುದುಕಿ.

“ಓದಸ್ರಿ, ಓದಸ್ರಿ,” ಹುಡುಗನ ಅಪ್ಪ ಹಲ್ಲು ಕಡಿದ. “ಸುಳ್ಳು ಹೇಳಿದ್ದು ನಿಮ್ಮ ಗದಿಗೆಪ್ಪ!”

ಹಾಡತೊಡಗಿದ ಹೆಳವ ತಟ್ಟನೆ ಹಾಡು ನಿಲ್ಲಿಸಿದ. ಹಾಳೆಗಳನ್ನು ಹಿಂದೆ ಮುಂದೆ ತಿರುವಿದ.

“ಬಾಯಿ ಬಿದ್ದು ಹೋತೇನೋ? ಯಾವ ಗದಿಗೆಪ್ಪ ಕಳ್ಳ, ಹೇಳು!” ಮುದುಕಿ ಗದರಿದಳು.

“ಇಬ್ಬರಿಲ್ಲ ಯವ್ವಾ, ಇದ್ದಾಂವ ಒಬ್ಬನ ಗದಿಗೆಪ್ಪ. ತನ್ನ ಎತ್ತು ತಾನ ಹೊಡಕೊಂಡು ಹೋಗಿ, ಇಲ್ಲಿ ಕಳುವಾತಂತ ಹೇಳಿ, ಆಚೆ ಊರಾಗ ಎರಡನೇ ಸಂಸಾರ ಹೂಡ್ಯಾನ. ಮದುವಿ ಮಾತು ಬಿಡ್ರಿ, ಆ ಹುಡುಗ ನಿಮ್ಮ ಮೊಮ್ಮಗಳಿಗೆ ಅಣ್ಣ ಆಗಬೇಕು.”