ಗಂಡನ ರ‍್ಯಾಮ್

ಬೆಳಿಗ್ಗೆ ಹೇಳಿದ್ದನ್ನು ಮಧ್ಯಾಹ್ನಕ್ಕೆ ಮರೆಯುವ ಗಂಡನನ್ನು ಎಳೆದುಕೊಂಡು ನಜೀರಣ್ಣನ ತಲೆ ರಿಪೇರಿ ಅಂಗಡಿಗೆ ಹೋದೆ. ಬೆಂಚಿನ ಮೇಲೆ ಹ್ಯಾಂಗ್ ಆದ ಅಜ್ಜನೊಬ್ಬ ಅರ್ಧ ಆಕಳಿಕೆಯಲ್ಲೇ ಕೂತಿದ್ದ. ನಜೀರಣ್ಣ ನಮ್ಮನೆಯವರ ಕಿವಿಯ ಹಿಂದಿನ ಮುಚ್ಚಳ ತೆಗೆದು ಕಂಪ್ಯೂಟರಿನ ವೈರು ಸಿಕ್ಕಿಸಿದ.

“ರ‍್ಯಾಮ್ ಹೋಗಿರಬೇಕು. ಹೊಸದು ಹಾಕು,” ಅಂದೆ.

“ರ‍್ಯಾಮ್ ಅಂದ್ರೆ ಅಡುಗೆ ಕಟ್ಟೆ ಇದ್ದಂಗೆ ಅಕ್ಕ, ಆಗಿನ ಕೆಲಸಕ್ಕಷ್ಟೇ. ಹಾರ್ಡ್ ಡಿಸ್ಕ್ ಅಂದ್ರೆ ಅಟ್ಟ, ಇಟ್ಟಿದ್ದು ಅಲ್ಲೇ ಇರುತ್ತೆ. ಎರಡೂ ಚೆನ್ನಾಗೇ ಅದಾವೆ.”

“ಹಂಗಾದ್ರೆ ನಾನು ಹೇಳಿದ್ದೆಲ್ಲ ಎಲ್ಲಿ ಹೋಯ್ತು?”

ನಜೀರಣ್ಣ ಪರದೆಯನ್ನು ನನ್ನ ಕಡೆ ತಿರುಗಿಸಲು ಹಿಂಜರಿದ. “ರಿಸೈಕಲ್ ಬಿನ್ನಲ್ಲಿ. ಅದು ಕಸದ ಬುಟ್ಟಿ, ಆದ್ರೆ ಖಾಲಿ ಮಾಡೋ ತನಕ ಏನೂ ಹೋಗಲ್ಲ. ಮದುವೆಯಾದಾಗಿಂದ ನೀವು ಹೇಳಿದ್ದು ಪೂರ್ತಿ ಅಲ್ಲೇ ಐತೆ.”

ಇವರು ನನ್ನ ಕೈ ಹಿಡಿದುಕೊಂಡು, “ಬ್ಯಾಡ ಕಣೆ,” ಅಂದರು.

“ಒಂದೂ ಬಿಡದೆ ವಾಪಸ್ ಹಾಕು,” ಅಂದೆ.

ಹಾಕಿದ್ದೇ ತಡ, ಇವರು ಚಪ್ಪಲಿಯನ್ನೂ ಮೆಟ್ಟದೆ ಪೇಟೆ ಕಡೆ ಓಡಿದರು. ಸಂಜೆ ಮನೆಗೆ ಬಂದವರೇ, ಕನ್ನಡಿಯ ಮುಂದೆ ಮೀಸೆ ಕತ್ತರಿಸುತ್ತಿದ್ದ ಮಗನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಗ್ರೈಪ್ ವಾಟರ್ ಕುಡಿಸಿದರು.