ಮಸಿಯ ಕೆಳಗಿನ ಸಾಲುಗಳು

ಆ ಸಾಲು ಮೂಲ ಕಾಗದದಲ್ಲಿ ಇರಲಿಲ್ಲ.

ತಿದ್ದುಗಾರ್ತಿ ಪರದೆಯ ಮೇಲಿನ ಚಿತ್ರವನ್ನು ಹಿಗ್ಗಿಸಿದಳು. ಅಲ್ಲಿದ್ದದ್ದು ಬೆರಳಗಲದ ಕಪ್ಪು ಪಟ್ಟಿ. ಕೈದಿಯ ಕಾಗದ ಮನೆಗೆ ಹೋಗುವ ಮೊದಲು ಜೈಲಿನಲ್ಲಿ ಬಳಿದ ಮಸಿ. ಟೈಪ್ ಮಾಡಿದ ಪ್ರತಿಯಲ್ಲಿ ಮಾತ್ರ ಅದೇ ಜಾಗದಲ್ಲಿ ಹೀಗಿತ್ತು: ‘ಇಲ್ಲಿನ ನೀರು ಕುಡಿದವರಿಗೆಲ್ಲ ಹೊಟ್ಟೆ ಕೆಟ್ಟಿದೆ. ಹಾಸ್ಪತ್ರೆಗೆ ಒಯ್ದ ಇಬ್ಬರು ವಾಪಸು ಬರಲಿಲ್ಲ.’

ಅವಳು ಕೆಲಸ ಮಾಡುತ್ತಿದ್ದದ್ದು ಅಂತರ್ಜಾಲದ ಉಚಿತ ಗ್ರಂಥಾಲಯವೊಂದರಲ್ಲಿ. ಹಳೆಯ ಕಾಗದ, ದಿನಚರಿ, ದಫ್ತರಗಳನ್ನು ಯಾರು ಬೇಕಾದರೂ ಓದಲೆಂದು ಅಲ್ಲಿ ಹಾಕುತ್ತಿದ್ದರು. ಕೈಬರಹವನ್ನು ನೋಡಿ ಟೈಪ್ ಮಾಡುವವರು ತಮ್ಮ ತಮ್ಮ ಮನೆಗಳಲ್ಲಿ ಕುಳಿತ ಸ್ವಯಂಸೇವಕರು. ಅವರು ಕಳಿಸಿದ್ದನ್ನು ಮೂಲದೊಂದಿಗೆ ಹೋಲಿಸುವುದು ಅವಳ ಉದ್ಯೋಗ. ಈ ಸ್ವಯಂಸೇವಕ ತನ್ನನ್ನು ‘ಹಳೇ ಕನ್ನಡಕ’ ಎಂದು ಕರೆದುಕೊಂಡಿದ್ದ. ಮೂವತ್ತೆರಡು ಕಾಗದಗಳಲ್ಲಿ ಎಲ್ಲೆಲ್ಲಿ ಮಸಿ ಇತ್ತೋ ಅಲ್ಲೆಲ್ಲ ಸಾಲು ತುಂಬಿದ್ದ.

“ಕತೆ ಕಟ್ತಿದ್ದಾನೆ,” ಎಂದ ಮೇಲ್ವಿಚಾರಕ. “ನಾಳೆ ಯಾರೋ ಸಂಶೋಧಕರು ಇದನ್ನೇ ಅಡಿಟಿಪ್ಪಣಿಗೆ ಹಾಕ್ತಾರೆ. ಆಮೇಲೆ ನಮ್ಮ ಮಾತು ಯಾರು ನಂಬ್ತಾರೆ? ಅವನ ಖಾತೆ ಮುಚ್ಚಿಬಿಡಿ.”

“ಒಂದ್ಸಲ ಪರೀಕ್ಷೆ ಮಾಡ್ಬಿಡೋಣ ಸರ್.”

ಕಣ್ಣಿಗೆ ಕಾಣದ ಬೆಳಕಿನಲ್ಲಿ ಚಿತ್ರ ತೆಗೆಯುವ ಕ್ಯಾಮೆರಾ ಒಂದಿತ್ತು. ಮೂರು ಕಾಗದಗಳನ್ನು ಅದರ ಕೆಳಗಿಟ್ಟರು. ಮಸಿ ಮಂಜಿನಂತೆ ತೆಳುವಾಯಿತು. ಅಡಿಯಲ್ಲಿದ್ದ ಅಕ್ಷರಗಳು ಎದ್ದು ಬಂದವು. ಒಂದು ಕೊಂಬೂ ವ್ಯತ್ಯಾಸವಿಲ್ಲ. ‘ಆಸ್ಪತ್ರೆ’ಯನ್ನು ‘ಹಾಸ್ಪತ್ರೆ’ ಎಂದು ಬರೆದ ತಪ್ಪು ಸಹ ಹಾಗೆಯೇ ಇತ್ತು. ಹುಳು ತಿಂದ ಮೂಲೆಗಳನ್ನು ಮಾತ್ರ ಹಳೇ ಕನ್ನಡಕ ಖಾಲಿ ಬಿಟ್ಟಿದ್ದ.

ಮೇಲ್ವಿಚಾರಕ ತಲೆ ಕೆರೆದುಕೊಂಡ. ಆ ಕಾಗದಗಳನ್ನು ಬರೆದದ್ದು ತನ್ನ ಅಪ್ಪ, ಅಮ್ಮನ ಪೆಟ್ಟಿಗೆಯಿಂದ ತಂದು ಗ್ರಂಥಾಲಯಕ್ಕೆ ಸೇರಿಸಿದ್ದು ತಾನೇ ಎಂದು ಅವಳು ಕಚೇರಿಯಲ್ಲಿ ಯಾರಿಗೂ ತಿಳಿಸಿರಲಿಲ್ಲ.

ಅಪ್ಪ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದವನು. ಮುಷ್ಕರದಲ್ಲಿ ಅವನನ್ನು ಹಿಡಿದೊಯ್ದಾಗ ಅವಳಿಗೆ ನಾಲ್ಕು ವರ್ಷ. ಎರಡು ವರ್ಷದ ಮೇಲೆ ಒಂದು ಚೀಟಿ ಬಂತು: ಹೊಟ್ಟೆಬೇನೆಯಿಂದ ತೀರಿಕೊಂಡರು, ಅಂತ್ಯಕ್ರಿಯೆ ಮುಗಿದಿದೆ. ಹೆಣ ಕೊಡಲಿಲ್ಲ. ಅಮ್ಮ ಚೀಟಿಯನ್ನು ನಾಲ್ಕಾಗಿ ಮಡಿಸಿ, ಒಲೆಯ ಮೇಲಿದ್ದ ಅನ್ನ ಇಳಿಸಲು ಒಳಗೆ ಹೋದಳು. ಅಳಲಿಲ್ಲ. ಮಗಳೂ ಅಳುವುದನ್ನು ಕಲಿಯಲಿಲ್ಲ.

ಆ ಸಂಜೆ ಅಮ್ಮ ಬೆಳ್ಳುಳ್ಳಿ ಸುಲಿಯುತ್ತಿದ್ದಳು.

“ಅಮ್ಮಾ, ಆ ಮಸಿ ಅಡಿ ಏನಿತ್ತು ಅಂತ ನಿನಗೆ ಗೊತ್ತಿತ್ತಾ?”

“ಇಲ್ಲ. ದೀಪಕ್ಕೆ ಹಿಡಿದು ನೋಡಿದ್ದೆ. ಕಾಣ್ಲಿಲ್ಲ.”

“ಯಾರಿಗೋ ಗೊತ್ತಿದೆ. ಅಕ್ಷರ ಅಕ್ಷರ ಗೊತ್ತಿದೆ.”

ಅಮ್ಮನ ಬೆರಳುಗಳು ನಿಂತವು. ಮತ್ತೆ ಸುಲಿಯತೊಡಗಿದವು.

“ಹೋಗಿ ನೋಡ್ಕೊಂಡು ಬಾ. ಅವರೇ ಆಗಿದ್ರೆ ನನಗೆ ಹೇಳ್ಬೇಡ.”

“ಯಾಕೆ?”

“ಸತ್ತು ಮೂವತ್ತೆಂಟು ವರ್ಷ ಆಯ್ತು. ಅಭ್ಯಾಸ ಆಗಿದೆ.”

ಮರುದಿನ ಅವಳು ಹಳೇ ಕನ್ನಡಕನಿಗೆ ಸಂದೇಶ ಕಳಿಸಿದಳು: ‘ಕಾಗದ ಬರೆದವರ ಮಗಳು ನಾನು. ಈ ಸಾಲುಗಳು ನಿಮಗೆ ಹೇಗೆ ಗೊತ್ತು?’

ಹತ್ತು ನಿಮಿಷಕ್ಕೆ ಉತ್ತರ ಬಂತು. ಒಂದೇ ಪದ. ‘ಪುಟ್ಟಿಯಾ?’

ಅವಳನ್ನು ಹಾಗೆ ಕರೆಯುತ್ತಿದ್ದದ್ದು ಅಪ್ಪ ಮಾತ್ರ. ಆಮೇಲೆ ಒಂದು ವಿಳಾಸ ಬಂತು.

ಬಸ್ಸಿನಲ್ಲಿ ಎರಡು ಗಂಟೆಯ ದಾರಿ. ಎರಡನೇ ಮಹಡಿಯ ಮನೆ. ಬಾಗಿಲು ತೆರೆದವನಿಗೆ ಎಪ್ಪತ್ತರ ಆಸುಪಾಸು. ದಪ್ಪ ಗಾಜಿನ ಕನ್ನಡಕ. ಅಪ್ಪನ ಒಂದೇ ಒಂದು ಫೋಟೊ ಅವಳ ಬಳಿ ಇತ್ತು, ಮದುವೆಯ ವರ್ಷದ್ದು. ಮೂಗು ಅದೇ ಇರಬಹುದು. ಇಲ್ಲದೆಯೂ ಇರಬಹುದು.

“ಬಾಮ್ಮಾ. ಕೂತ್ಕೋ,” ಎಂದ ಮುದುಕ. “ಅಮ್ಮ ಇದ್ದಾರಾ?”

“ಇದ್ದಾರೆ.”

“ಮತ್ತೆ ಮದುವೆ...?”

“ಆಗ್ಲಿಲ್ಲ.”

ಅವನು ನೆಲ ನೋಡಿದ. “ನೀರಿನ ವಿಷಯ ಆಗಲೇ ಗೊತ್ತಾಗಿದ್ರೆ ಅಮ್ಮ ಸುಮ್ನೆ ಕೂರ್ತಿರ್ಲಿಲ್ಲ, ಅಲ್ವಾ? ವಕೀಲರು, ಪತ್ರಿಕೆಯವರು, ಯಾರನ್ನಾದ್ರೂ ಹಿಡೀತಿದ್ರು. ದಿನಾ ಅದೇ ಯೋಚನೆ ನನಗೆ.”

“ಇಷ್ಟು ವರ್ಷ ಎಲ್ಲಿದ್ರಿ?”

“ಇಲ್ಲೇ. ನಿಮ್ಮ ಮನೆ ಬೀದಿವರೆಗೂ ಎರಡು ಸಲ ಬಂದಿದ್ದೆ. ಬಾಗಿಲು ತಟ್ಟೋ ಧೈರ್ಯ ಬರ್ಲಿಲ್ಲ.”

“ಒಂದು ಕಾಗದ ಬರೀಬಹುದಿತ್ತಲ್ಲ.”

“ಬರೆಯೋದು ನನ್ನಿಂದ ಆಗೋ ಕೆಲಸ ಆಗಿರ್ಲಿಲ್ಲಮ್ಮಾ.”

ಅವಳ ಬಾಯಿಂದ ಆ ಪದ ತಾನಾಗಿಯೇ ಹೊರಬಂತು. “ಅಪ್ಪಾ.” ಪರಿಚಯವಿಲ್ಲದ ಕೈಬರಹವನ್ನು ಮೊದಲ ಸಲ ಗಟ್ಟಿಯಾಗಿ ಓದಿದ ಹಾಗಿತ್ತು.

ಮುದುಕ ಮುಖ ತಿರುಗಿಸಿಕೊಂಡ. ಎದ್ದು ಹೋಗಿ ಕಪಾಟು ತೆರೆದ. ಬಟ್ಟೆಯಲ್ಲಿ ಸುತ್ತಿದ್ದ ಒಂದು ಉದ್ದನೆಯ ದಫ್ತರ ತಂದು ಅವಳ ಮಡಿಲಲ್ಲಿಟ್ಟ. ಪುಟ ತುಂಬ ತಾರೀಖು, ಕೈದಿಯ ಸಂಖ್ಯೆ, ಅದರ ಮುಂದೆ ನಕಲು ಮಾಡಿದ ಸಾಲು. ‘ಹಾಸ್ಪತ್ರೆ’ ಎಂದೇ ಇತ್ತು. ಒಂದು ಸಾಲಿನಲ್ಲಿ ‘ಪುಟ್ಟಿ’ ಎಂದೂ ಇತ್ತು. ಆದರೆ ಆ ಗುಂಡನೆಯ, ಒಪ್ಪವಾದ ಕೈಬರಹ ಅವಳು ಅಪ್ಪನ ಕಾಗದಗಳಲ್ಲಿ ನೋಡಿದ್ದಲ್ಲ.

“ಇದನ್ನೂ ಸ್ಕ್ಯಾನ್ ಮಾಡಿ ಹಾಕಿಬಿಡಮ್ಮಾ. ಎಲ್ಲರೂ ಓದ್ಲಿ,” ಎಂದ. “ಅಳಿಸೋದಕ್ಕೆ ಮೊದಲು ನಕಲು ಇಡ್ಬೇಕು ಅಂತ ನಿಯಮ ಇತ್ತು. ನಿಮ್ಮಪ್ಪನ ಕಾಗದಕ್ಕೆ ಮಸಿ ಬಳೀತಿದ್ದವನು ನಾನು.”