ದೊರೆಯ ಕೂಸಿಗೆ ಬೆಚ್ಚಗಿನ ನೀರು

ನೀರು ಹೊರುವ ಹೆಂಗಸು ಗೆರ್ಸ್ವಿಂದ, ಬಾಯಿಗೆ ಬಟ್ಟೆ ಕಟ್ಟಿಕೊಂಡು, ಕೊನೆಯ ಕೊಡವನ್ನು ಹಂಡೆಗೆ ಸುರಿಯುತ್ತಿದ್ದಳು. ಹೊಸದಾಗಿ ಸೇದಿದ ನೀರು ತಾನು ಮೊದಲು ಕೇಳಿದ ಹೆಸರನ್ನು ಹಿಡಿದುಕೊಳ್ಳುತ್ತದೆ. ಅದರಲ್ಲಿ ಮಿಂದವರು ಸಾಯುವತನಕ ಆ ಹೆಸರಿನವರ ಮಾತು ಮೀರಲಾರರು. ಅದಕ್ಕೇ ನೀರು ಹೊರುವವರ ಬಾಯಿ ಕಟ್ಟುವ ವಾಡಿಕೆ.

ಅವಳ ಜನರಾದ ಸ್ಯಾಕ್ಸನರ ಊರನ್ನು ಗೆದ್ದ ದೊರೆ ದೇವರ ಹೆಸರಿನಲ್ಲಿ ಎಲ್ಲರಿಗೂ ದೀಕ್ಷಾಸ್ನಾನ ಮಾಡಿಸಿದ್ದ. ಪಾದ್ರಿ ನೀರಿಗೆ ಉಸುರಿದ್ದು ಮಾತ್ರ ದೊರೆಯ ಹೆಸರನ್ನು. ಮೀಯಲು ಒಪ್ಪದ ಅವಳ ಗಂಡನ ಕತ್ತಿನ ಮೇಲೆ, ದೊರೆ ಹೇಳಿದನೆಂದು, ಮಿಂದೆದ್ದ ಅವಳ ಮಗನೇ ಕೊಡಲಿ ಬೀಸಿದ್ದ. ಮಿಂದವರು ಸೇದಿದ ನೀರು ಕೆಡುತ್ತದೆಂದು ಇವಳೊಬ್ಬಳನ್ನು ಮೀಯಿಸದೆ ಹಾಗೇ ಬಿಟ್ಟಿದ್ದರು.

ಇಂದು ದೊರೆಯ ಹಸುಗೂಸಿನ ಸರದಿ. ಪಾದ್ರಿ ಬಂದು ಅವಳ ಬಾಯಿಯ ಬಟ್ಟೆ ಬಿಚ್ಚಿದ.

“ಕೂಸಿಗೆ ತಣ್ಣೀರು ಆಗಲ್ವಂತೆ, ದೊರೆಸಾನಿ ಹಟ ಹಿಡಿದವಳೆ. ಒಲೆ ಊದಿ ಬೆಚ್ಚಗೆ ಮಾಡಮ್ಮ. ಮೂಗಲ್ಲಿ ಊದೋಕಾಗುತ್ತಾ?” ಎಂದು ನಕ್ಕ. “ಮಾತಾಡಿದ್ರೆ ಮಾತ್ರ ನಾಲಿಗೆ ಇರಲ್ಲ, ನೋಡು.”

ಅವಳು ತಲೆಯಾಡಿಸಿದಳು. ಪಾದ್ರಿ ನೆಂಟರನ್ನು ಎದುರುಗೊಳ್ಳಲು ಹೋದ.

ಗೆರ್ಸ್ವಿಂದ ಒಲೆ ಊದಿದಳು. ನೀರಿಗೆ ಯಾರ ಹೆಸರು ಹೇಳುವುದೆಂದು ಯೋಚಿಸಬೇಕಾಗಲಿಲ್ಲ, ತನ್ನದೇ ಸಾಕಿತ್ತು. ಆ ಕೂಸು ಕೊಡಲಿ ಎತ್ತುವಷ್ಟು ಬೆಳೆಯುವತನಕ ತಾನು ಬದುಕಿರಬೇಕು, ಅಷ್ಟೆ. ಅವಳು ಹಂಡೆಯ ಮೇಲೆ ಬಾಗಿ, ಬಿಸಿ ಹದವಾಯಿತೇ ಎಂದು ಬೆರಳದ್ದಿ ನೋಡಿದಳು.